ಅಮ್ಮನಿಗೆ ಏನಾಗಿದೆ ಅಂತ ಮಕ್ಕಳಿಗೆ ಹೇಳಿಬಿಡಿ

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ತೆಂಗಿನ ತೋಟ, ಎರಡು ಹಸು ಇವೆ. ತೋಟದ ಕೆಲಸ ಇಲ್ಲದ ದಿನ ಕೊಬ್ಬರಿ ಮಂಡಿಯಲ್ಲಿ ಹಮಾಲಿ ಮಾಡುತ್ತೇನೆ. ಸೆಪ್ಟೆಂಬರಿನಲ್ಲಿ ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತೋರಿಸುತ್ತಿದ್ದೇವೆ. 21 ದಿನಕ್ಕೊಂದು ಕೀಮೋ, ಒಟ್ಟು ಎಂಟು ಅಂದಿದ್ದಾರೆ, ನಾಲ್ಕು ಮುಗಿದಿವೆ. ಆಮೇಲೆ ಆಪರೇಷನ್, ಅದಾದ ಮೇಲೆ ಕರೆಂಟ್ ಕೊಡುತ್ತಾರಂತೆ. ವಾಸಿಯಾಗುವ ಹಂತದಲ್ಲೇ ಬಂದಿದ್ದೀರಿ, ಧೈರ್ಯವಾಗಿರಿ ಅಂತ ಡಾಕ್ಟರು ಹೇಳಿದ್ದಾರೆ.

ನನ್ನ ಚಿಂತೆ ಮಕ್ಕಳದು. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ನಮ್ಮವ್ವನಿಗೆ ಮಂಡಿನೋವು, ಓಡಾಡಲಾರಳು. ಹಾಗಾಗಿ ಬೆಳಗಿನ ಜಾವ ಎದ್ದು ಹಾಲು ಕರೆಯುವುದು, ಡೈರಿಗೆ ಹಾಕುವುದು, ಅಡುಗೆ, ತಮ್ಮನನ್ನು ಹೊರಡಿಸುವುದು ಎಲ್ಲಾ ಅವಳೇ. ನಾವು ಬೆಂಗಳೂರಿಗೆ ಹೋದ ದಿನ ಶಾಲೆಗೆ ಹೋಗುವುದೇ ಇಲ್ಲ. ಹಾಜರಿ ಕಡಿಮೆಯಾಗಿದೆ ಅಂತ ಹೆಡ್‌ಮಾಸ್ಟರ್ ಹೇಳಿ ಕಳಿಸಿದ್ದರು. ಅರ್ಧವಾರ್ಷಿಕದಲ್ಲಿ ಗಣಿತದಲ್ಲಿ ಫೇಲಾಗಿದ್ದಾಳೆ. ಮೊದಲು ಕ್ಲಾಸಿಗೆ ಎರಡನೆಯವಳಾಗಿದ್ದಳು. ಈ ವರ್ಷ ಬಿಡಿಸಿ ಮುಂದಿನ ವರ್ಷ ಕಟ್ಟಿಸೋಣ ಅನ್ನೋದು ನನ್ನ ಯೋಚನೆ. ನಮ್ಮವ್ವ ಮತ್ತು ದೊಡ್ಡಪ್ಪನ ಮನೆಯವರು, ತಾಯಿ ಕಣ್ಣೆದುರಿಗಿರುವಾಗಲೇ ಹುಡುಗಿಗೊಂದು ಮದುವೆ ಮಾಡಿಬಿಡು ಅನ್ನುತ್ತಿದ್ದಾರೆ. ಸಂಬಂಧದಲ್ಲೇ ಗಂಡಿದೆ.

ಮಗ ನಾಲ್ಕನೇ ಕ್ಲಾಸು. ಅವನಿಗೆ ನಾವೇನೂ ಹೇಳಿಲ್ಲ. ಅಮ್ಮನಿಗೆ ಗ್ಯಾಸ್ಟ್ರಿಕ್ ಅಂದಿದ್ದೇವೆ. ಕೂದಲು ಉದುರಿದಾಗ ತಿರುಪತಿಗೆ ಮುಡಿ ಕೊಟ್ಟು ಬಂದಳು ಅಂದೆವು. ಈಗೀಗ ಅವನು ಅಮ್ಮನ ಹತ್ತಿರ ಕೂರುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು ಅಂತ ಅಳುತ್ತಾನೆ, ಎಷ್ಟೋ ವರ್ಷದ ಮೇಲೆ ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಾನೆ. ಮೊನ್ನೆ ಅವರ ಟೀಚರ್ ಹತ್ತಿರ, 'ಆಸ್ಪತ್ರೆಗೆ ಹೋದೋರೆಲ್ಲಾ ವಾಪಸ್ ಬರ್ತಾರಾ ಮಿಸ್?' ಅಂತ ಕೇಳಿದನಂತೆ. ಪೀಣ್ಯದಲ್ಲಿರುವ ನನ್ನ ಬಾಮೈದ, ಇವನನ್ನು ನಮ್ಮನೆಗೆ ಕಳಿಸಿ, ಇಲ್ಲೇ ಶಾಲೆಗೆ ಸೇರಿಸುತ್ತೇನೆ ಅನ್ನುತ್ತಿದ್ದಾನೆ. ಮಗನಿಗೆ ನಿಜ ಹೇಳಬೇಕಾ? ಮಗಳನ್ನು ಏನು ಮಾಡಲಿ? ಮಗನನ್ನು ಕಳಿಸಲಾ? ದಯವಿಟ್ಟು ತಿಳಿಸಿ. ಹೆಸರು ಬೇಡ.

ಉತ್ತರ: ಮೂರು ಪ್ರಶ್ನೆಗೂ ಮೊದಲು ನೇರವಾಗಿ ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ ನೋಡೋಣ. ಮಗನಿಗೆ ನಿಜ ಹೇಳಿ, ಇದೇ ವಾರ ಹೇಳಿ. ಮಗಳನ್ನು ಶಾಲೆ ಬಿಡಿಸಬೇಡಿ, ಒಂದು ವರ್ಷದ ಮಟ್ಟಿಗೂ ಬೇಡ. ಮದುವೆಯ ಮಾತನ್ನಂತೂ ಮನೆಯಲ್ಲಿ ಎತ್ತಲೇಬೇಡಿ. ಮಗನನ್ನು ಈಗ ಬೆಂಗಳೂರಿಗೆ ಕಳಿಸಬೇಡಿ, ಬೇಸಿಗೆ ರಜಕ್ಕೆ ಕಳಿಸಿ.

ಪತ್ರದಲ್ಲಿ ನಿಮ್ಮ ತಾಯಿ ಏನಂದರು, ದೊಡ್ಡಪ್ಪನ ಮನೆಯವರು ಏನಂದರು, ಬಾಮೈದ ಏನಂದ ಎಲ್ಲ ಬರೆದಿದ್ದೀರಿ. ಹೆಂಡತಿ ಏನನ್ನುತ್ತಾರೆ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಅವರಿಗೆ ಸುಸ್ತು, ವಾಂತಿ ಇರಬಹುದು, ಆದರೂ ಆ ಮಕ್ಕಳ ತಾಯಿ ಅವರೇ. ಕಾಯಿಲೆ ಬಿದ್ದವರ ತಲೆಗೆ ಮತ್ತೇಕೆ ಚಿಂತೆ ಅಂತ ಸುತ್ತಲಿನವರೇ ಎಲ್ಲ ತೀರ್ಮಾನ ಮಾಡಿಬಿಡುತ್ತಾರೆ. ಮಲಗಿದವರಿಗೆ ಮಾತ್ರ, ತಾನು ಮನೆಯಲ್ಲಿ ಇದ್ದೂ ಇಲ್ಲದ ಹಾಗೆ ಆಯಿತಲ್ಲ ಅನ್ನಿಸುತ್ತದೆ. ಮುಂದೆ ನಾನು ಹೇಳುವ ಒಂದೊಂದನ್ನೂ ಮೊದಲು ಅವರ ಜೊತೆ ಮಾತಾಡಿ. ಕೀಮೋ ಆದ ಮೇಲಿನ ನಾಲ್ಕೈದು ದಿನ ಬಿಟ್ಟು, ಸ್ವಲ್ಪ ಚೇತರಿಸಿಕೊಂಡಾಗ ಕೂತು ಮಾತಾಡಿ.

ಗ್ಯಾಸ್ಟ್ರಿಕ್, ತಿರುಪತಿ ಮತ್ತು ಹೊಟ್ಟೆನೋವು

ಮಗನಿಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದೀರಿ. ಅವನು ಟೀಚರನ್ನು ಕೇಳಿದ ಪ್ರಶ್ನೆಯೇ ಹೇಳುತ್ತದೆ, ಅವನಿಗೆ ಗೊತ್ತಿದೆ. ಕಾಯಿಲೆಯ ಹೆಸರೊಂದು ಗೊತ್ತಿಲ್ಲ, ಅಷ್ಟೇ. ಅಪ್ಪ ಫೋನ್ ಬಂದರೆ ಎದ್ದು ಆಚೆ ಹೋಗುತ್ತಾನೆ, ನೆಂಟರು ಬಂದು ತನ್ನ ತಲೆ ಸವರಿ ಕಣ್ಣೊರೆಸಿಕೊಳ್ಳುತ್ತಾರೆ, ತಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಒಂಬತ್ತು ವರ್ಷದ ಹುಡುಗನಿಗೆ ಇಷ್ಟು ಸಾಕು. ನೀವು ಹೇಳದೆ ಬಿಟ್ಟಿದ್ದನ್ನು ಅವನು ತಾನೇ ಊಹಿಸಿಕೊಳ್ಳುತ್ತಾನೆ. ಮಗು ಒಬ್ಬನೇ ಕೂತು ಕಟ್ಟಿಕೊಂಡ ಊಹೆ ನಿಜಕ್ಕಿಂತ ಯಾವಾಗಲೂ ಹೆಚ್ಚು ಭಯಂಕರವಾಗಿರುತ್ತದೆ.

ಮುಡಿ ಕೊಟ್ಟ ಕಥೆಯನ್ನೇ ಅವನ ಕಡೆಯಿಂದ ನೋಡಿ. ಅಮ್ಮ ದೇವರಿಗೆ ಕೂದಲು ಕೊಟ್ಟಿದ್ದಾಳೆ. ಹಾಗಿದ್ದೂ ಯಾಕೆ ಹುಷಾರಾಗಲಿಲ್ಲ? ಹರಕೆಯಲ್ಲಿ ಏನಾದರೂ ತಪ್ಪಾಯಿತಾ? ದೇವರಿಗೆ ನಮ್ಮ ಮೇಲೆ ಸಿಟ್ಟಾ? ತಿರುಪತಿಗೆ ಹೋಗಿ ಬಂದವರ ತಲೆಯಲ್ಲಿ ಒಂದು ತಿಂಗಳಿಗೆ ಕೂದಲು ಬಂದಿರುವುದನ್ನು ಅವನು ಊರಲ್ಲಿ ನೋಡಿದ್ದಾನೆ. ಅಮ್ಮನಿಗೆ ಹುಬ್ಬೂ ಉದುರಿರಬಹುದು. ಲೆಕ್ಕ ಹೊಂದುತ್ತಿಲ್ಲ ಅಂತ ಅವನಿಗೆ ಗೊತ್ತು, ಆದರೆ ಕೇಳಬಾರದು ಅಂತಲೂ ಗೊತ್ತು. ಮುಂದೆ ಎಂದೋ ಶಾಲೆಯಲ್ಲಿ ಒಬ್ಬ ಹುಡುಗ ಬಂದು, ನಿಮ್ಮಮ್ಮನಿಗೆ ಕ್ಯಾನ್ಸರಂತೆ ಕಣೋ ಅನ್ನುತ್ತಾನೆ. ಹಳ್ಳಿಯಲ್ಲಿ ಇದು ಇವತ್ತಲ್ಲ ನಾಳೆ ಆಗಿಯೇ ಆಗುತ್ತದೆ. ಆ ದಿನ ಅವನಿಗೆ ಕಾಯಿಲೆಯ ಭಯದ ಜೊತೆಗೆ, ಅಪ್ಪ ಅಮ್ಮ ತನ್ನ ಹತ್ತಿರ ಸುಳ್ಳು ಹೇಳಿದರು ಅನ್ನುವುದೂ ಸೇರಿಕೊಳ್ಳುತ್ತದೆ. ಆಮೇಲೆ 'ಅಮ್ಮ ಹುಷಾರಾಗುತ್ತಿದ್ದಾಳೆ' ಅಂತ ನೀವು ನಿಜವನ್ನೇ ಹೇಳಿದರೂ ನಂಬುವುದಿಲ್ಲ.

ಅವನು ಅಮ್ಮನ ಹತ್ತಿರ ಕೂರದಿರುವುದಕ್ಕೆ ನನಗೆ ಎರಡು ಕಾರಣ ತೋಚುತ್ತವೆ. ಒಂದು, ಅಂಟಿಕೊಳ್ಳುತ್ತದೆ ಅನ್ನುವ ಹೆದರಿಕೆ. ಕೀಮೋ ಕೊಟ್ಟ ಏಳರಿಂದ ಹದಿನಾಲ್ಕನೇ ದಿನದ ಹೊತ್ತಿಗೆ ರಕ್ತದ ಬಿಳಿಕಣ ಇಳಿಯುತ್ತವೆ. ಆಗ ರೋಗಿಗೆ ಬೇಗ ಸೋಂಕು ತಗಲುತ್ತದೆ. ನೆಗಡಿಯಾಗಿದ್ದ ದಿನ ಅವನಿಗೆ ಯಾರೋ, ಅಮ್ಮನ ಹತ್ತಿರ ಹೋಗಬೇಡ ಅಂದಿರುತ್ತೀರಿ. ಅಮ್ಮನನ್ನು ಕಾಪಾಡಲು ಹೇಳಿದ ಮಾತು ಅವನಿಗೆ ತಿರುವುಮುರುವಾಗಿ ಕೇಳಿಸಿದೆ. ಎರಡನೆಯದು ಇನ್ನೂ ಸೂಕ್ಷ್ಮ. 'ನಿನ್ನ ಕಾಟಕ್ಕೇ ನಂಗೆ ಕಾಯಿಲೆ ಬರುತ್ತೆ ನೋಡ್ತಿರು' ಅಂತ ಅನ್ನದ ತಾಯಿ ನಮ್ಮಲ್ಲಿ ಯಾರಿದ್ದಾರೆ? ಊಟ ಮಾಡದೆ ಓಡುವ ಮಗನಿಗೆ ನಿಮ್ಮ ಹೆಂಡತಿಯೂ ಅಂದಿರುತ್ತಾರೆ. ದೊಡ್ಡವರು ಅಂದು ಮರೆಯುತ್ತಾರೆ. ಕಾಯಿಲೆ ನಿಜವಾಗಿಯೇ ಬಂದಾಗ ಮಗು ಅದನ್ನು ನೆನಪಿಸಿಕೊಳ್ಳುತ್ತದೆ. ನನ್ನಿಂದಲೇ ಅಮ್ಮನಿಗೆ ಹೀಗಾಯಿತು ಅಂತ ಒಳಗೇ ನವೆಯುವ ಮಕ್ಕಳನ್ನು ಸಮಾಲೋಚನೆಯಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ಬಾಯಿಬಿಟ್ಟು ಹೇಳುವುದಿಲ್ಲ. ಹೊಟ್ಟೆನೋವು, ತಲೆನೋವು, ಒದ್ದೆ ಹಾಸಿಗೆ, ಇವೇ ಅವರ ಮಾತು.

ಹೇಳುವುದು ಹೇಗೆ?

ಆದಷ್ಟು ಅಮ್ಮನೇ ಹೇಳಲಿ, ನೀವು ಪಕ್ಕದಲ್ಲಿರಿ. ಮಲಗುವ ಹೊತ್ತಿನಲ್ಲಿ ಬೇಡ, ರಾತ್ರಿಯೆಲ್ಲ ಅದೇ ತಲೆಯಲ್ಲಿ ಸುತ್ತುತ್ತದೆ. ಭಾನುವಾರ ಬೆಳಗಿನ ಹೊತ್ತು ಒಳ್ಳೆಯದು. ಕಾಯಿಲೆಯ ಹೆಸರನ್ನೇ ಹೇಳಿ. ಹೆಸರು ಹೇಳದಿದ್ದರೆ ಮುಂದೆ ತನಗೇ ಹೊಟ್ಟೆನೋವು, ಜ್ವರ ಬಂದಾಗಲೂ ಅಮ್ಮನಿಗೆ ಬಂದಿದ್ದೇ ಬಂತು ಅಂತ ಹೆದರುತ್ತಾನೆ. ಹೆಚ್ಚು ಕಡಿಮೆ ಹೀಗೆ ಹೇಳಬಹುದು:

'ಅಮ್ಮಂಗೆ ಎದೆಯಲ್ಲಿ ಒಂದು ಗಂಟು ಆಗಿತ್ತು. ಅದಕ್ಕೆ ಕ್ಯಾನ್ಸರ್ ಅಂತಾರೆ. ಅದನ್ನ ಕರಗಿಸೋಕೆ ಡಾಕ್ಟ್ರು ಜೋರು ಔಷಧಿ ಕೊಡ್ತಿದ್ದಾರೆ. ಆ ಔಷಧಿಯಿಂದಲೇ ಕೂದಲು ಉದುರಿದ್ದು, ವಾಂತಿ ಬರೋದು. ಔಷಧಿ ಮುಗಿದ ಮೇಲೆ ಕೂದಲು ಮತ್ತೆ ಬರುತ್ತೆ. ಮುಡಿ ಕೊಟ್ಟೆ ಅಂದಿದ್ದು ನಿಜ ಅಲ್ಲ, ನೀನು ಹೆದರ್ತೀಯ ಅಂತ ಹಾಗಂದ್ವಿ. ಇದು ನಿನ್ನಿಂದ ಬಂದಿದ್ದಲ್ಲ. ನೀನು ಊಟ ಬಿಟ್ಟಿದ್ದಕ್ಕೆ, ಹಟ ಮಾಡಿದ್ದಕ್ಕೆ ಯಾರಿಗೂ ಈ ಕಾಯಿಲೆ ಬರಲ್ಲ. ಇದು ಅಂಟೋದೂ ಇಲ್ಲ. ನನ್ನ ಪಕ್ಕ ಕೂತ್ಕೋ, ತಬ್ಕೋ, ಏನೂ ಆಗಲ್ಲ. ನಿಂಗೆ ನೆಗಡಿ ಇದ್ದಾಗ ಮಾತ್ರ ಸ್ವಲ್ಪ ದೂರ ಇರು, ಯಾಕಂದ್ರೆ ನಿನ್ನ ನೆಗಡಿ ನನಗೆ ಅಂಟುತ್ತೆ.'

ಇಷ್ಟು ಹೇಳಿ ಸುಮ್ಮನಾಗಿ. ಅವನು ಒಂದೂ ಮಾತಾಡದೆ ಎದ್ದು ಆಟಕ್ಕೆ ಓಡಿಹೋಗಬಹುದು. ಅರ್ಥವಾಗಲಿಲ್ಲ ಅಂದುಕೊಳ್ಳಬೇಡಿ. ಮಕ್ಕಳು ದುಃಖವನ್ನು ತುತ್ತು ತುತ್ತಾಗಿ ನುಂಗುತ್ತಾರೆ. ಎರಡು ದಿನ ಬಿಟ್ಟು, ಹಸುವಿಗೆ ಹುಲ್ಲು ಹಾಕುವಾಗಲೋ ಸೈಕಲ್ ಮೇಲೆ ಕೂತಿರುವಾಗಲೋ ಇದ್ದಕ್ಕಿದ್ದಂತೆ ಕೇಳುತ್ತಾನೆ.

ಅವನು ಕೇಳುವ ಒಂದು ಪ್ರಶ್ನೆಗೆ ಮಾತ್ರ ನೀವು ಮೊದಲೇ ಸಿದ್ಧವಾಗಿರಬೇಕು: 'ಅಮ್ಮ ಸತ್ತೋಗ್ತಾಳಾ?' ಥೂ, ಬಿಡ್ತು ಅನ್ನು ಅಂತ ಬಾಯಿ ಮುಚ್ಚಿಸಬೇಡಿ. ಖಂಡಿತ ಏನೂ ಆಗಲ್ಲ ಅಂತ ಮಾತೂ ಕೊಡಬೇಡಿ, ಅದು ನಮ್ಮ ನಿಮ್ಮ ಕೈಯಲ್ಲಿಲ್ಲ. 'ಇದರಿಂದ ಸಾಯೋರೂ ಇದ್ದಾರೆ, ವಾಸಿಯಾಗೋರು ತುಂಬಾ ಜನ ಇದ್ದಾರೆ. ಅಮ್ಮನ ಕಾಯಿಲೆ ವಾಸಿ ಮಾಡೋ ಹಂತದಲ್ಲಿದೆ ಅಂತ ಡಾಕ್ಟ್ರು ಹೇಳಿದ್ದಾರೆ. ಏನಾದ್ರೂ ಬದಲಾದ್ರೆ ನಿಂಗೆ ನಾನೇ ಹೇಳ್ತೀನಿ. ಏನೇ ಆದ್ರೂ ನಿನ್ನ ನೋಡ್ಕೊಳ್ಳೋಕೆ ನಾನಿರ್ತೀನಿ.' ಕೊನೆಯ ಎರಡು ಮಾತು ಅವನಿಗೆ ಎಲ್ಲಕ್ಕಿಂತ ಮುಖ್ಯ.

ಹಾಸಿಗೆ ಒದ್ದೆಯಾದರೆ ಬೈಯಬೇಡಿ, ಅಕ್ಕನ ಮುಂದೆ ಆಡಿಕೊಳ್ಳಬೇಡಿ. ಹೊಟ್ಟೆನೋವು, ಹಾಸಿಗೆ ಒದ್ದೆ ಎರಡನ್ನೂ ಒಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಇಲ್ಲ ಅಂತ ಖಾತ್ರಿಯಾಗಲಿ. ಅವು ಇಲ್ಲವೆಂದಾದರೆ ಹೊಟ್ಟೆನೋವೆಂದು ಅತ್ತ ದಿನವೂ ಶಾಲೆಗೆ ಕಳಿಸಿ, ಅರ್ಧ ದಿನಕ್ಕಾದರೂ ಸರಿ. ಅವನಿಗಿರುವುದು ಶಾಲೆಯ ಭಯವಲ್ಲ. ತಾನು ಇಲ್ಲದಾಗ ಮನೆಯಲ್ಲಿ ಏನಾಗುತ್ತದೋ ಅನ್ನುವ ಭಯ. ಮನೆಯಲ್ಲೇ ಉಳಿಸಿಕೊಂಡರೆ ಆ ಭಯ ನಿಜ ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತದೆ. ಇವನಿಗೆ ಶಾಲೆಯೊಂದು ಪಾಠದ ಜಾಗ ಮಾತ್ರ ಅಲ್ಲ, ದಿನಕ್ಕೆ ಆರು ಗಂಟೆ ಕಾಯಿಲೆಯ ಸುದ್ದಿ ಇಲ್ಲದ ಜಾಗ. ಬೆಲ್ಲು, ಪ್ರಾರ್ಥನೆ, ಕ್ಷೀರಭಾಗ್ಯದ ಹಾಲು, ಬಿಸಿಯೂಟ, ಕಬಡ್ಡಿ, ಎಲ್ಲ ನಿನ್ನೆ ಇದ್ದ ಹಾಗೇ ಇವತ್ತೂ ಇರುತ್ತವೆ. ಅಂಥದ್ದು ಈಗ ಅವನಿಗೆ ಮನೆಯಲ್ಲಿ ಸಿಗುತ್ತಿಲ್ಲ.

ಸಂಜೆ ಅವನ ಮಗ್ಗಿ, ಕಾಪಿ ಅಮ್ಮನ ಜವಾಬ್ದಾರಿಯಾಗಲಿ. ಮಲಗಿದಲ್ಲೇ ಹತ್ತು ನಿಮಿಷ ಒಪ್ಪಿಸಿಕೊಂಡರೂ ಸಾಕು. ಅವನಿಗೆ ಅಮ್ಮನ ಪಕ್ಕ ಕೂರಲು ಒಂದು ನೆಪ, ಅವರಿಗೆ ತಾಯಿಯಾಗಿರಲು ಒಂದು ದಾರಿ.

ಮಗಳ ಬೆಳಗಿನ ಹೊತ್ತು

ನಿಮ್ಮ ಪತ್ರದಲ್ಲಿ ಮಗನ ಬಗ್ಗೆ ಆತಂಕವಿದೆ, ಮಗಳ ಬಗ್ಗೆ ಹಾಜರಿಯ ಲೆಕ್ಕವಿದೆ. ಅವಳು ಅಳುತ್ತಿಲ್ಲ, ಹೊಟ್ಟೆನೋವು ಅನ್ನುತ್ತಿಲ್ಲ. ಸಲೀಸಾಗಿ ಮನೆ ನಡೆಸುತ್ತಿದ್ದಾಳೆ. ಊರವರು 'ಎಂಥಾ ಹುಡುಗಿ, ತಾಯಿಯಂಗೆ ನೋಡ್ಕೋತಾಳೆ' ಅಂತ ಹೊಗಳುತ್ತಿರುತ್ತಾರೆ. ನನಗೆ ಹೆಚ್ಚು ಚಿಂತೆಯಾಗಿದ್ದು ಇವಳ ವಿಷಯದಲ್ಲಿ. ಮನೆಯಲ್ಲಿ ತಾಯಿ ಮಲಗಿದರೆ ಆ ಜಾಗಕ್ಕೆ ಯಾರೂ ಹೇಳದೆಯೇ ದೊಡ್ಡ ಹೆಣ್ಣುಮಗಳು ಬಂದು ನಿಲ್ಲುತ್ತಾಳೆ. ಎಲ್ಲರಿಗೂ ಅನುಕೂಲ, ಹಾಗಾಗಿ ಯಾರೂ ತಡೆಯುವುದಿಲ್ಲ. ಗಣಿತದ ಅಂಕ ಅದನ್ನು ಹೊರಗೆ ಹಾಕಿದೆ.

ಮನೆಕೆಲಸ ಮಾಡಲೇಬಾರದು ಅನ್ನುತ್ತಿಲ್ಲ. ಅಮ್ಮನಿಗಾಗಿ ಏನಾದರೂ ಮಾಡುವುದು ಅವಳಿಗೂ ಸಮಾಧಾನ. ಆದರೆ ಅದಕ್ಕೊಂದು ಗಡಿ ಬೇಕು. ಇವತ್ತು ಅವಳು ಮಾಡುತ್ತಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಹಾಲು ಕರೆದು ಡೈರಿಗೆ ಹಾಕುವುದು ಇನ್ನು ಮೇಲೆ ನಿಮ್ಮ ಕೆಲಸ. ಬೆಳಗಿನ ಅಡುಗೆಯೂ ನಿಮ್ಮದೇ. ಮುದ್ದೆ ತಿರುವಲು ಗಂಡಸಿಗೆ ಬರುವುದಿಲ್ಲ ಅನ್ನುವುದೆಲ್ಲ ನೆಪ. ಶಾಲೆ ಇರುವ ದಿನ ಇಬ್ಬರು ಮಕ್ಕಳಿಗೂ ಮಧ್ಯಾಹ್ನ ಅಕ್ಷರ ದಾಸೋಹದ ಊಟ ಇದೆ, ಸರ್ಕಾರಿ ಹೈಸ್ಕೂಲಿನ ಹತ್ತನೇ ತರಗತಿಗೂ ಉಂಟು. ಮನೆಯಲ್ಲಿ ಬೇಯಬೇಕಾದದ್ದು ಇಬ್ಬರು ಮೂವರಿಗೆ. ಕೂತಲ್ಲೇ ತರಕಾರಿ ಹೆಚ್ಚುವುದು, ಕಾಳು ಬಿಡಿಸುವುದು ನಿಮ್ಮ ತಾಯಿ ಮಾಡಬಹುದು. ನಿಮ್ಮ ಹೆಂಡತಿ ಸ್ತ್ರೀಶಕ್ತಿ ಸಂಘದಲ್ಲಿದ್ದರೆ, ಕೀಮೋ ಆದ ವಾರ ಸಂಘದವರನ್ನು ಬಾಯಿಬಿಟ್ಟು ಕೇಳಿ: ಇವತ್ತು ಒಬ್ಬರ ಮನೆಯ ಸಾರು, ನಾಳೆ ಇನ್ನೊಬ್ಬರದು. 'ಏನಾದ್ರೂ ಬೇಕಾದ್ರೆ ಹೇಳಿ' ಅಂತ ಎಲ್ಲರೂ ಅನ್ನುತ್ತಾರೆ, ಇಂಥದ್ದೇ ಬೇಕು ಅಂದಾಗ ಮಾಡಿಯೂ ಮಾಡುತ್ತಾರೆ. ಎರಡು ಹಸುವಿನಲ್ಲಿ ಒಂದನ್ನು ಸದ್ಯಕ್ಕೆ ಮಾರಬೇಕಾದರೂ ಯೋಚಿಸಿ. ಮಗಳಿಗೆ ಸಂಜೆ ಒಂದು ಕೆಲಸ, ಒಂದೇ ಒಂದು, ಉಳಿಯಲಿ. ಬೆಳಗಿನ ಹೊತ್ತು ಪೂರ್ತಿ ಅವಳ ಓದಿಗೆ.

ಬೆಂಗಳೂರಿಗೆ ಹೋಗುವ ದಿನ ಅವಳ ಶಾಲೆ ತಪ್ಪುವುದೂ ನಿಲ್ಲಬೇಕು. ಇನ್ನು ನಾಲ್ಕು ಕೀಮೋ ಇವೆ, 21 ದಿನದ ಲೆಕ್ಕ ಗೊತ್ತೇ ಇದೆ. ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕೂ ತಾರೀಕಿಗೆ ಗುರುತು ಹಾಕಿ, ಆ ದಿನ ಮನೆಯಲ್ಲಿ ಯಾರು ಇರುತ್ತಾರೆ ಅಂತ ಪಕ್ಕದಲ್ಲೇ ಬರೆಯಿರಿ. ಮಕ್ಕಳಿಗೂ ಅದು ಕಾಣಲಿ. ಅಮ್ಮ ಎಂದು ಹೋಗುತ್ತಾಳೆ, ಎಂದು ಬರುತ್ತಾಳೆ ಅಂತ ಮೊದಲೇ ಗೊತ್ತಿದ್ದರೆ ಮಗನ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ. ನಿಮ್ಮ ಬಾಮೈದನಿಗೆ ಸಹಾಯ ಮಾಡುವ ಮನಸ್ಸಿದೆ. ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸವನ್ನು ಒಂದೆರಡು ಸಲ ಅವನೇ ವಹಿಸಿಕೊಳ್ಳಲಿ. ಊರಿಂದ ನಿಮ್ಮ ಕಡೆಯ ಹೆಂಗಸರೊಬ್ಬರು ಜೊತೆಗೆ ಹೋದರೆ, ಶಕ್ತಿ ಯೋಜನೆಯಲ್ಲಿ ಇಬ್ಬರಿಗೂ ಸಾಮಾನ್ಯ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ರೈಲಾದರೆ, ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರಿಯಾಯಿತಿ ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಆಸ್ಪತ್ರೆಯಲ್ಲೇ ಕೇಳಿ.

ಅವಳನ್ನೂ ಒಮ್ಮೆ ಕೂರಿಸಿಕೊಂಡು ಮಾತಾಡಿ. ಹದಿನೈದು ಹದಿನಾರರ ಹುಡುಗಿಗೆ ಬಾಯಿಬಿಟ್ಟು ಕೇಳಲಾಗದ ಒಂದು ಪ್ರಶ್ನೆ ಇರುತ್ತದೆ: ಇದು ನನಗೂ ಬರುತ್ತಾ? ಅಮ್ಮನೋ ನರ್ಸೋ ತಾವಾಗಿಯೇ ಹೇಳಲಿ. ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ ವಂಶದಿಂದ ಬಂದದ್ದು ಸುಮಾರು ಐದರಿಂದ ಹತ್ತು ಜನರಿಗೆ ಮಾತ್ರ. ಈ ವಯಸ್ಸಿನಲ್ಲಿ ಅವಳು ಯಾವ ಪರೀಕ್ಷೆಯನ್ನೂ ಮಾಡಿಸಬೇಕಿಲ್ಲ. ಮುಂದೆ ದೊಡ್ಡವಳಾದಾಗ ಡಾಕ್ಟರಿಗೆ, ನಮ್ಮ ತಾಯಿಗೆ ಇತ್ತು ಅಂತ ಒಂದು ಮಾತು ತಿಳಿಸಿದರೆ ಸಾಕು.

ಶಾಲೆಗೆ ನೀವೇ ಹೋಗಿ

ಹೆಡ್‌ಮಾಸ್ಟರ್ ಹೇಳಿ ಕಳಿಸಿದ್ದರು ಅಂದಿರಿ, ನೀವು ಹೋದಿರಾ ಅಂತ ಬರೆದಿಲ್ಲ. ಹೋಗಿ. ಆಸ್ಪತ್ರೆಯ ಚೀಟಿಗಳ ಜೆರಾಕ್ಸ್ ತೆಗೆದುಕೊಂಡು, ಒಂದು ಅರ್ಜಿ ಬರೆದುಕೊಂಡು ಹೋಗಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಈವರೆಗೆ ಎಷ್ಟಿದೆ, ಇನ್ನು ಒಂದು ದಿನವೂ ತಪ್ಪಿಸದಿದ್ದರೆ ಎಷ್ಟಾಗುತ್ತದೆ ಅಂತ ಅವರ ಎದುರಿಗೇ ಲೆಕ್ಕ ಹಾಕಿಸಿ. ಕಡಿಮೆ ಬೀಳುವಂತಿದ್ದರೆ ಏನು ದಾರಿ ಅಂತ ಈಗಲೇ ಕೇಳಿ, ಫೆಬ್ರವರಿಯಲ್ಲಿ ಕೇಳಿದರೆ ಅವರ ಕೈಯಲ್ಲೂ ಏನೂ ಉಳಿದಿರುವುದಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಶಾಲೆ ಮುಗಿದ ಮೇಲೆ ವಿಶೇಷ ತರಗತಿ ನಡೆಸುವುದುಂಟು, ಗಣಿತಕ್ಕೆ ಅವಳು ಅಲ್ಲಿರಲಿ. ಮನೆಯ ಪರಿಸ್ಥಿತಿ ಕ್ಲಾಸ್ ಟೀಚರಿಗೆ ಗೊತ್ತಿರಲಿ, ಆದರೆ ಇಡೀ ಕ್ಲಾಸಿನ ಮುಂದೆ ಕರುಣೆ ತೋರಿಸಬೇಡಿ ಅಂತಲೂ ಕೇಳಿಕೊಳ್ಳಿ. ಮಗನ ಟೀಚರಿಗೂ ಇದೇ ಮಾತು. ಆ ಮಗು ಮನೆಯಲ್ಲಿ ಕೇಳಲಾಗದ್ದನ್ನು ಅವರನ್ನೇ ಕೇಳಿದೆ. ನೀವು ಅವನಿಗೆ ಏನು ಹೇಳಿದ್ದೀರಿ ಅಂತ ಅವರಿಗೆ ತಿಳಿಸಿದರೆ, ಮುಂದಿನ ಸಲ ಕೇಳಿದಾಗ ಅವರೂ ಅದನ್ನೇ ಹೇಳುತ್ತಾರೆ.

'ಈ ವರ್ಷ ಬಿಡಿಸಿ ಮುಂದಿನ ವರ್ಷ' ಅನ್ನುವ ಲೆಕ್ಕ ಕಾಗದದ ಮೇಲೆ ಸರಿ. ಹಳ್ಳಿಯಲ್ಲಿ ನಡೆಯುವುದು ಬೇರೆ. ಮನೆಯಲ್ಲಿ ಉಳಿದ ಹುಡುಗಿಗೆ ಕೆಲಸ ದಿನೇ ದಿನೇ ಹೆಚ್ಚಾಗುತ್ತದೆ, ಜೊತೆಯವರು ಪಿಯುಸಿಗೆ ಹೋಗುತ್ತಾರೆ, ಕಿರಿಯರ ಜೊತೆ ಕೂರಲು ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಗಂಡಿನ ಕಡೆಯವರು ಮತ್ತೊಮ್ಮೆ ಬಂದಿರುತ್ತಾರೆ. ಬರೆಯಲಿ. ಒಂದು ವಿಷಯ ಹೋದರೂ ಹೋಗಲಿ, ಅದೇ ವರ್ಷದಲ್ಲೇ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ. ಗಣಿತ ಒಂದನ್ನೇ ಮತ್ತೆ ಬರೆದು, ಜೊತೆಯವರ ಜೊತೆಗೇ ಕಾಲೇಜಿಗೆ ಸೇರಬಹುದು. ಈ ಸಲ ಅವಳಿಂದ ಮೊದಲಿನ ಅಂಕ ನಿರೀಕ್ಷಿಸಬೇಡಿ. ಪಾಸಾದರೆ ಸಾಕು ಮಗಳೇ ಅಂತ ಅವಳಿಗೆ ಕೇಳಿಸುವ ಹಾಗೆ ಹೇಳಿ.

ಎಂಟನೇ ಕೀಮೋ ಮಾರ್ಚ್ ಹೊತ್ತಿಗೆ ಮುಗಿಯಬಹುದು, ಆಪರೇಷನ್ ಪರೀಕ್ಷೆಯ ಆಸುಪಾಸಿಗೇ ಬರಬಹುದು. ಪರೀಕ್ಷೆಗೋಸ್ಕರ ನೀವಾಗಿಯೇ ಚಿಕಿತ್ಸೆಯ ತಾರೀಕು ಮುಂದಕ್ಕೆ ಹಾಕಬೇಡಿ, ಅದು ಡಾಕ್ಟರಿಗೆ ಬಿಟ್ಟದ್ದು. ಆಸ್ಪತ್ರೆಯಲ್ಲಿ ಅಮ್ಮನ ಜೊತೆ ಇರುವುದು ಯಾರು ಅನ್ನುವುದನ್ನು ಮಾತ್ರ ಈಗಲೇ ಗೊತ್ತು ಮಾಡಿ. ಆ ಹೆಸರು ಮಗಳದ್ದಾಗಬಾರದು.

ಮದುವೆಯ ಮಾತು

ತಾಯಿ ಕಣ್ಮುಚ್ಚುವ ಮೊದಲು ಒಂದು ಶುಭಕಾರ್ಯ ನೋಡಲಿ ಅನ್ನುವುದು ಹಿರಿಯರ ಪ್ರೀತಿಯ ಮಾತೇ ಇರಬಹುದು. ಆ ಮಾತು ಎರಡು ಕೆಟ್ಟದ್ದು ಮಾಡುತ್ತದೆ. ಚಿಕಿತ್ಸೆಯಲ್ಲಿರುವ ನಿಮ್ಮ ಹೆಂಡತಿಗೆ, ಇವರೆಲ್ಲ ನನ್ನನ್ನು ಆಗಲೇ ಕಳಿಸಿಕೊಟ್ಟರು ಅನ್ನಿಸುತ್ತದೆ. ಮಗಳಿಗೆ, ಅಮ್ಮ ಉಳಿಯುವುದಿಲ್ಲ ಅಂತ ಯಾರೂ ಹೇಳದೆಯೇ ಹೇಳಿದಂತಾಗುತ್ತದೆ. ಇನ್ನು ಕಾನೂನು. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಅಪರಾಧ. ಮಾಡಿಸಿದ ತಂದೆಗೂ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಇಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಲೆಕ್ಕದಲ್ಲಿ ಆಗಿಯೇ ಇಲ್ಲ. ನಿಮ್ಮ ತಾಯಿಗೆ ನೀವು ಇಷ್ಟೇ ಹೇಳಿ: 'ಅವ್ವ, ಅವಳಿಗೆ ಹದಿನೆಂಟು ತುಂಬಲಿ, ಅವರಮ್ಮ ಹುಷಾರಾಗಿ ತಾನೇ ನಿಂತು ಮದುವೆ ಮಾಡ್ತಾಳೆ.' ನಿಮ್ಮ ಮಾತು ಗಟ್ಟಿಯಾಗಿದ್ದರೆ ದೊಡ್ಡಪ್ಪನ ಮನೆಯವರೂ ಸುಮ್ಮನಾಗುತ್ತಾರೆ.

ಮಗ ಬೆಂಗಳೂರಿಗೆ

ಅಮ್ಮನಿಗೆ ಏನೋ ಆಗಿದೆ, ನನ್ನನ್ನು ಮನೆಯಿಂದ ಕಳಿಸಿಬಿಟ್ಟರು. ಈಗ ಕಳಿಸಿದರೆ ಮಗನಿಗೆ ಅರ್ಥವಾಗುವುದು ಹೀಗೆ. ಒಂದೇ ಸಲಕ್ಕೆ ಅಮ್ಮ, ಅಕ್ಕ, ಶಾಲೆ, ಜೊತೆಗಾರರು ಎಲ್ಲ ತಪ್ಪುತ್ತಾರೆ. ವರ್ಷದ ಮಧ್ಯೆ ಹೊಸ ಶಾಲೆ ಬೇರೆ. ಬೇಡ. ಬಾಮೈದನ ಮಾತನ್ನು ಬೇಸಿಗೆಗೆ ಎತ್ತಿಡಿ. ಆಪರೇಷನ್ ಆದ ಮೇಲೆ ಕೊಡುವ ರೇಡಿಯೇಷನ್, ನೀವು ಕರೆಂಟ್ ಅಂದದ್ದು, ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ ಇರುತ್ತದೆ. ದಿನವೂ ತಿಪಟೂರಿನಿಂದ ಓಡಾಡಲಾಗದು, ಬೆಂಗಳೂರಿನಲ್ಲೇ ಉಳಿಯಬೇಕಾಗುತ್ತದೆ. ಅದು ಬೇಸಿಗೆ ರಜದ ಹೊತ್ತಿಗೆ ಬರಬಹುದು. ಆಗ ಅಮ್ಮ, ಮಗ ಇಬ್ಬರೂ ಪೀಣ್ಯದ ಮನೆಯಲ್ಲೇ ಇರಲಿ. ಪರೀಕ್ಷೆ ಮುಗಿಸಿದ ಮಗಳೂ ಹೋಗಬಹುದು.

ಅವನ ಶಾಲೆಯ ವಿಷಯದಲ್ಲಿ ಇನ್ನೊಂದು ಮಾತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕಾಗಿದೆ, 2009ರ ಕಾಯ್ದೆ ಇದೆ. ಗೈರುಹಾಜರಿ ಹೆಚ್ಚಾಯಿತು ಅಂತ ಯಾರೂ ಅವನ ಹೆಸರು ಹೊಡೆದುಹಾಕುವಂತಿಲ್ಲ.

ಸಿಗುವ ನೆರವು

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಇದು ನಿಮಗೆ ಆಸ್ಪತ್ರೆಯಲ್ಲಿ ಗೊತ್ತಾಗಿರಬಹುದು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಮಕ್ಕಳ ಹೆಸರಿನ ನೆರವು. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ, ತಂದೆ ಅಥವಾ ತಾಯಿಗೆ ಜೀವಕ್ಕೆ ಅಪಾಯವಾಗುವ ಕಾಯಿಲೆ ಇದ್ದರೆ ಮಗುವಿನ ಓದು, ಪೋಷಣೆಗೆ ತಿಂಗಳಿಗೆ 4,000 ರೂಪಾಯಿ ಕೊಡಲು ಅವಕಾಶವಿದೆ. ಹಳ್ಳಿಯ ಕುಟುಂಬಕ್ಕೆ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ತುಮಕೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಬೇಕು. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆಸ್ಪತ್ರೆಯ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಸಮಿತಿ ನೋಡಿ ಮಂಜೂರು ಮಾಡುತ್ತದೆ. ಸಿಕ್ಕೇ ಸಿಗುತ್ತದೆ ಅಂತ ಸಾಲ ಮಾಡಬೇಡಿ, ಸಿಗಲಿಕ್ಕಿಲ್ಲ ಅಂತ ಅರ್ಜಿ ಹಾಕದೆಯೂ ಇರಬೇಡಿ. ಆಸ್ಪತ್ರೆಯ ಓಡಾಟದಲ್ಲಿ ಮಕ್ಕಳ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ತಪ್ಪಿಹೋಗುವುದು ಸಾಮಾನ್ಯ, ಶಾಲೆಗೆ ಹೋದಾಗ ಅದನ್ನೂ ವಿಚಾರಿಸಿ.

ನಿಜ ಹೇಳಿ ಆರೇಳು ವಾರ ಕಳೆದರೂ ಮಗ ಹೀಗೇ ಇದ್ದರೆ, ಅಥವಾ ಮಗಳು ಊಟ ನಿದ್ದೆ ಬಿಟ್ಟರೆ, ಬದುಕಿ ಏನು ಪ್ರಯೋಜನ ಅನ್ನುವಂಥ ಮಾತಾಡಿದರೆ ಕಾಯಬೇಡಿ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಕ್ಕಳೇ ನೇರವಾಗಿ ಕರೆ ಮಾಡಬಹುದಾದ ಸಂಖ್ಯೆ 1098. ಎರಡನ್ನೂ ಮಗಳ ಪುಸ್ತಕದ ಹಿಂದೆ ಬರೆದುಕೊಡಿ. 14416 ನಿಮಗೂ ಇದೆ. ಮಂಡಿಯ ಕೆಲಸ, ತೋಟ, ಆಸ್ಪತ್ರೆ, ಜೊತೆಗೆ ಈಗ ಬೆಳಗಿನ ಅಡುಗೆಯನ್ನೂ ನಿಮ್ಮ ತಲೆಗೇ ಹೊರಿಸಿದ್ದೇನೆ. ಯಾರ ಹತ್ತಿರವಾದರೂ ನೀವೂ ಮನಸ್ಸು ಬಿಚ್ಚಿ ಮಾತಾಡಬೇಕು.

ಈ ಚಿಕಿತ್ಸೆ ಇನ್ನು ಐದಾರು ತಿಂಗಳಲ್ಲಿ ಒಂದು ಹಂತಕ್ಕೆ ಬರುತ್ತದೆ. ಬಿಟ್ಟ ಓದು ಅಷ್ಟು ಬೇಗ ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ಈ ವಾರದ ಕೆಲಸ ಇಷ್ಟು: ಹೆಂಡತಿಯ ಜೊತೆ ಮಾತು, ಭಾನುವಾರ ಮಗನಿಗೆ ನಿಜ, ಸೋಮವಾರ ಹೆಡ್‌ಮಾಸ್ಟರ್ ಭೇಟಿ. ಮಂಗಳವಾರ ಬೆಳಿಗ್ಗೆಯಿಂದ ಹಾಲು ನೀವೇ ಕರೆಯಿರಿ.